ಗುರುವಾರ ನೀರು ಒಡೆಸಿ ನೋವು ಬರಿಸುತ್ತಾರಂತೆ, ಮಾಡಿಸಿಕೊಂಡವರು ಹೇಳಿ

ಮುಸ್ಸಂಜೆ · ಸೋಮವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ನನಗಿದು ಎರಡನೇ ಹೆರಿಗೆ. ಇವತ್ತಿಗೆ 40 ವಾರ 5 ದಿನ ಆಯಿತು. ನೋವಿನ ಸುಳಿವೇ ಇಲ್ಲ. ಬೆಳಿಗ್ಗೆ ತಪಾಸಣೆಗೆ ಹೋದಾಗ ಡಾಕ್ಟರ್ ಕೈ ಹಾಕಿ ನೋಡಿ, "ಗರ್ಭಕೋಶದ ಬಾಯಿ ಎರಡು ಸೆಂಟಿಮೀಟರ್ ತೆರೆದಿದೆ, ಮೆತ್ತಗೂ ಆಗಿದೆ. ಗುರುವಾರದವರೆಗೆ ಕಾಯೋಣ. ಆಗಲೂ ನೋವು ಬರದಿದ್ದರೆ ನೀರು ಒಡೆಸಿ ಬರಿಸೋಣ" ಎಂದರು. ನಾನು ಹೂಂ ಅಂದು ಎದ್ದು ಬಂದೆ. ಕೇಳಬೇಕಾದದ್ದೆಲ್ಲ ನೆನಪಾಗಿದ್ದು ಮನೆಗೆ ಬಂದ ಮೇಲೆ.

ಮೊದಲನೆಯ ಸಲ ನೋವು ತಾನಾಗಿ ಶುರುವಾಗಿತ್ತು. ನೀರು ಹೋಗಿದ್ದು ಕೊನೆಯಲ್ಲಿ, ಮಗು ಬರುವ ಸ್ವಲ್ಪ ಮುಂಚೆ. ಹಾಗಾಗಿ ಇದು ನನಗೆ ಪೂರ್ತಿ ಹೊಸದು. ಮಗುವಿನ ಸುತ್ತಲಿನ ನೀರಿನ ಚೀಲ ಒಡೆಯಲು ಕೊಕ್ಕೆಯಂಥದ್ದೇನೋ ಒಳಗೆ ಹಾಕುತ್ತಾರಂತೆ. ತುಂಬಾ ನೋಯುತ್ತದಾ? ಮಗುವಿಗೆ ತಾಗುವುದಿಲ್ಲವಾ? ನೀರೆಲ್ಲ ಹೋದ ಮೇಲೂ ನೋವು ಬರದಿದ್ದರೆ? ನೀರು ಖಾಲಿಯಾದರೆ ಒಳಗೆ ಒಣಗಿಬಿಡುತ್ತದೆ, ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೇಳುತ್ತಿದ್ದಾರೆ. ಅವರು ಹೆದರಿದ್ದು ನೋಡಿ ನನಗೂ ನಿದ್ದೆ ಹತ್ತುತ್ತಿಲ್ಲ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ತುಂಬೆಹೂವು · ಸೋಮವಾರ ರಾತ್ರಿ 9:32

ನನಗೂ ಎರಡನೆಯದಕ್ಕೆ ಹೀಗೇ ಆಗಿತ್ತು. ಬೆಳಿಗ್ಗೆ ಎಂಟಕ್ಕೆ ಒಡೆಸಿದರು, ಮಧ್ಯಾಹ್ನ ಒಂದೂವರೆಗೆ ಮಗಳು ಎದೆಯ ಮೇಲಿದ್ದಳು. ನೋವು ಬರಿಸುವ ಔಷಧಿಯ ಡ್ರಿಪ್ ಹಾಕುವ ಮಾತು ಬರುವಷ್ಟರಲ್ಲಿ ನೋವು ಹಿಡಿದಿತ್ತು. ಧೈರ್ಯವಾಗಿರಿ.

ಬೆಳ್ಳಿಚುಕ್ಕಿ · ಸೋಮವಾರ ರಾತ್ರಿ 10:05

ನನ್ನದು ಮೊದಲ ಹೆರಿಗೆ, 41 ವಾರಕ್ಕೆ. ಹಿಂದಿನ ರಾತ್ರಿ ಬಾಯಿ ತೆರೆಯಲೆಂದು ಒಳಗೆ ಪುಟ್ಟ ಬಲೂನ್ ಹಾಕಿದ್ದರು. ಬೆಳಿಗ್ಗೆ ಅದು ತಾನಾಗಿ ಜಾರಿ ಬಿತ್ತು, ಬಾಯಿ ಮೂರು ಸೆಂಟಿಮೀಟರ್ ಆಗಿತ್ತು. ಆಮೇಲೆ ನೀರು ಒಡೆಸಿದರು.

ಆ ಕೊಕ್ಕೆ ನೋಡಿ ನನಗೆ ಎದೆ ಝಲ್ ಅಂದಿತ್ತು. ಒಂದು ಗೇಣಿಗಿಂತ ಸ್ವಲ್ಪ ಉದ್ದ, ತೆಳ್ಳಗಿನ ಪ್ಲಾಸ್ಟಿಕ್ ಕಡ್ಡಿ. ತುದಿಯಲ್ಲಿ ಕ್ರೋಶಾ ಕಡ್ಡಿಗೆ ಇರುವಂಥ ಪುಟ್ಟ ಕೊಕ್ಕೆ. ಡಾಕ್ಟರ್ ಎರಡು ಬೆರಳು ಒಳಗಿಟ್ಟು, ಬೆರಳುಗಳ ನಡುವೆಯೇ ಆ ಕಡ್ಡಿಯನ್ನು ಜಾರಿಸಿದರು. ಬೆರಳು ಹಾಕಿ ಬಾಯಿ ಹುಡುಕುವಾಗ ನೋವಾಯಿತು, ಸುಳ್ಳು ಹೇಳುವುದಿಲ್ಲ. ಸಿಸ್ಟರ್ ಕೈ ಹಿಡಿದುಕೊಂಡು ಉಸಿರು ಉದ್ದಕ್ಕೆ ಬಿಡಿ ಎಂದು ಹೇಳುತ್ತಲೇ ಇದ್ದರು. ಆದರೆ ಚೀಲ ಒಡೆದದ್ದು ನನಗೆ ಗೊತ್ತೇ ಆಗಲಿಲ್ಲ. ತೊಡೆಯ ಕೆಳಗೆ ಬೆಚ್ಚಗೆ ಹರಿದಾಗಲೇ ಗೊತ್ತಾಗಿದ್ದು. ಒಂದು ಲೋಟದಷ್ಟು ಬಂದಿರಬೇಕು. ಆಮೇಲೆ ಮಗ್ಗುಲು ಬದಲಿಸಿದಾಗಲೆಲ್ಲ, ಕೆಮ್ಮಿದಾಗಲೆಲ್ಲ ಮತ್ತೆ ಮತ್ತೆ ಬರುತ್ತಿತ್ತು. ಅಷ್ಟು ಹೊತ್ತು ಬರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಪ್ಯಾಡ್ ಜಾಸ್ತಿ ಇಟ್ಟುಕೊಳ್ಳಿ. ಬಟ್ಟೆಯೂ ಎರಡು ಜೊತೆ ಹೆಚ್ಚಿಗೆ ಇರಲಿ.

ನೋವು ಹಿಡಿದಿದ್ದು ಎರಡು ಗಂಟೆ ಆದ ಮೇಲೆ, ಅದೂ ಡ್ರಿಪ್ ಹಾಕಿದ ಮೇಲೆ. ಹಿಡಿದಾಗ ಮಾತ್ರ ಒಂದೇ ಸಲಕ್ಕೆ ಗಟ್ಟಿಯಾಗಿ ಹಿಡಿಯಿತು. ಸಣ್ಣದಾಗಿ ಶುರುವಾಗಿ ನಿಧಾನಕ್ಕೆ ಏರುವ ಆ ಮೊದಲ ಹಂತ ನನಗೆ ಸಿಗಲೇ ಇಲ್ಲ. ಅದಕ್ಕೆ ಮನಸ್ಸು ತಯಾರಿರಲಿ.

ರಾತ್ರಿಪಾಳಿ · ಸೋಮವಾರ ರಾತ್ರಿ 11:40

ಮುಸ್ಸಂಜೆ, ನಾನು ಹೆರಿಗೆ ಕೋಣೆಯಲ್ಲಿ 22 ವರ್ಷ ನರ್ಸ್ ಆಗಿ ಕೆಲಸ ಮಾಡಿದವಳು. ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಹೇಳುತ್ತೇನೆ ತಂಗಿ.

ಮೊದಲು ಅತ್ತೆಯ ಮಾತು. ಅವರ ಭಯ ತುಂಬಾ ಹಳೆಯದು, ಬಹಳ ಜನಕ್ಕೆ ಇದೆ. ಆದರೆ ಒಳಗೆ ಒಣಗುವುದಿಲ್ಲ. ಆ ನೀರಿನಲ್ಲಿ ಬಹುಪಾಲು ಮಗುವಿನ ಮೂತ್ರವೇ. ಮಗು ಅದನ್ನು ಕುಡಿಯುತ್ತದೆ, ಮತ್ತೆ ಹೊರಗೆ ಬಿಡುತ್ತದೆ. ಚೀಲ ಒಡೆದ ಮೇಲೂ ಈ ಕೆಲಸ ನಿಲ್ಲುವುದಿಲ್ಲ. ಅಲ್ಲದೆ ಮಗುವಿನ ತಲೆ ಬಿರಡೆಯಂತೆ ಕೂತಿರುತ್ತದೆ. ತಲೆಯ ಮುಂದಿದ್ದ ನೀರು ಮೊದಲು ಬರುತ್ತದೆ, ಹಿಂದಿನದು ಸ್ವಲ್ಪ ಸ್ವಲ್ಪವಾಗಿ ಸೋರುತ್ತದೆ. ಬೆಳ್ಳಿಚುಕ್ಕಿ ಹೇಳಿದ್ದು ಅದೇ.

ಚೀಲದ ಪೊರೆಯಲ್ಲಿ ನರಗಳಿಲ್ಲ. ಅದಕ್ಕೇ ಒಡೆಯುವುದು ನೋಯುವುದಿಲ್ಲ. ನೋಯುವುದು ಬೆರಳು ಹಾಕಿ ನೋಡುವುದು. ಬಾಯಿ ಹಿಂದಕ್ಕೆ ತಿರುಗಿದ್ದರೆ ಜಾಸ್ತಿ ನೋಯುತ್ತದೆ. ತಡೆಯಲಾಗದಿದ್ದರೆ ನಿಲ್ಲಿಸಿ ಅನ್ನಿ, ನಿಲ್ಲಿಸಲೇಬೇಕು.

ಇನ್ನು ಮುಖ್ಯವಾದದ್ದು. ಯಾವಾಗ ಒಡೆಸುತ್ತಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಬಿಷಪ್ ಸ್ಕೋರ್ ಎಂದು ಒಂದು ಲೆಕ್ಕ ಇದೆ, 1964ರಲ್ಲಿ ಬಂದದ್ದು. ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಿದೆ, ಮುಂದಕ್ಕಿದೆಯೋ ಹಿಂದಕ್ಕೋ, ಮಗುವಿನ ತಲೆ ಎಷ್ಟು ಕೆಳಗೆ ಬಂದಿದೆ. ಈ ಐದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಪೂರ್ತಿ 13. ಎಂಟು ಅಥವಾ ಅದಕ್ಕಿಂತ ಮೇಲಿದ್ದರೆ ಬಾಯಿ ಹದಕ್ಕೆ ಬಂದಿದೆ ಎಂದು ಅರ್ಥ. ಕಡಿಮೆ ಇದ್ದರೆ ಮೊದಲು ಜೆಲ್ಲೋ ಮಾತ್ರೆಯೋ ಬಲೂನೋ ಹಾಕಿ ಹದ ಮಾಡುತ್ತಾರೆ. ಹದವಾಗದ ಬಾಯಿಗೆ ನೀರು ಒಡೆಸಿದರೆ ಗಂಟೆಗಟ್ಟಲೆ ಕಾಯುವುದೇ ಆಗುತ್ತದೆ.

ಐದರಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನ ಕೊಡುತ್ತಿದ್ದದ್ದು ತಲೆಗೆ. ತಲೆ ಇನ್ನೂ ಮೇಲೆ ತೇಲುತ್ತಿದ್ದರೆ ನೀರಿನ ಜೊತೆ ಹೊಕ್ಕುಳ ಬಳ್ಳಿ ಕೆಳಗೆ ಜಾರಬಹುದು. ತಲೆ ಚೆನ್ನಾಗಿ ಕೂತಿದ್ದರೆ ಆ ಭಯ ತುಂಬಾ ಕಡಿಮೆ. ಹಾಗಾಗಿ ನೀವು ಕೇಳಬೇಕಾದ ಮೊದಲ ಪ್ರಶ್ನೆ: "ತಲೆ ಕೂತಿದೆಯಾ?"

ಮುಸ್ಸಂಜೆ · ಮಂಗಳವಾರ ಬೆಳಿಗ್ಗೆ 6:15

ರಾತ್ರಿಪಾಳಿ ಅಕ್ಕ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೈ ಮುಗಿಯುತ್ತೇನೆ. ಅತ್ತೆಗೂ ಓದಿ ಹೇಳಿದೆ. ಮಗು ಕುಡಿದು ಮತ್ತೆ ಬಿಡುತ್ತದೆ ಅಂದಾಗ ಅವರ ಮುಖ ಸ್ವಲ್ಪ ಅರಳಿತು. ತಲೆ ಕೂತಿದೆಯಾ ಎಂದು ಡಾಕ್ಟರನ್ನು ಕೇಳುತ್ತೇನೆ.

ನೀಲಿಕೊಡೆ · ಮಂಗಳವಾರ ಬೆಳಿಗ್ಗೆ 11:20

ಬರೆಯಲೋ ಬೇಡವೋ ಎಂದು ಯೋಚಿಸಿದೆ. ಇದ್ದ ಹಾಗೆ ಹೇಳಿ ಅಂದಿದ್ದೀರಿ, ಹೇಳುತ್ತೇನೆ.

ನನಗೆ ಬಾಯಿ ಒಂದೇ ಸೆಂಟಿಮೀಟರ್ ಇತ್ತು, ಇನ್ನೂ ಗಟ್ಟಿಯಾಗಿತ್ತು. ಬೆಳಿಗ್ಗೆ ಆರೂವರೆಗೆ ನೀರು ಒಡೆಸಿದರು. ಏನು ಮಾಡುತ್ತಿದ್ದೇವೆ ಎಂದು ಹೇಳಲಿಲ್ಲ. "ಸ್ವಲ್ಪ ನೋಡ್ತೀನಿ" ಅಂದರು ಅಷ್ಟೇ. ಹಾಸಿಗೆ ಒದ್ದೆಯಾದ ಮೇಲೆ ಗೊತ್ತಾಯಿತು. ಮಧ್ಯಾಹ್ನದವರೆಗೆ ನೋವಿಲ್ಲ. ಡ್ರಿಪ್ ಶುರು ಮಾಡಿದರು, ಏರಿಸಿದರು, ಮತ್ತೆ ಏರಿಸಿದರು. ರಾತ್ರಿ ಹತ್ತಕ್ಕೂ ಬಾಯಿ ನಾಲ್ಕೇ ಸೆಂಟಿಮೀಟರ್. ಅಷ್ಟರಲ್ಲಿ ಐದಾರು ಸಲ ಕೈ ಹಾಕಿ ನೋಡಿದ್ದರು. ನನಗೆ ಚಳಿ ಶುರುವಾಯಿತು, ಜ್ವರ 38 ಡಿಗ್ರಿ ದಾಟಿತು. ಮಗುವಿನ ಎದೆಬಡಿತವೂ ಜೋರಾಯಿತು. ಕೊನೆಗೆ ಸಿಸೇರಿಯನ್. ಮಗ ಚೆನ್ನಾಗಿದ್ದಾನೆ, ಈಗ ಮೂರು ವರ್ಷ. ಆಪರೇಷನ್ ಆಯಿತು ಎಂದು ನನಗೆ ಬೇಸರ ಇಲ್ಲ. ಒಮ್ಮೆ ಒಡೆದ ಮೇಲೆ ವಾಪಸ್ ಹೋಗುವ ದಾರಿ ಇಲ್ಲ ಎಂದು ಮೊದಲೇ ಯಾರಾದರೂ ಹೇಳಿ, ನನ್ನ ಒಪ್ಪಿಗೆ ಕೇಳಬೇಕಿತ್ತು. ಆ ನೋವು ಇನ್ನೂ ಹೋಗಿಲ್ಲ.

ಗುಬ್ಬಿಗೂಡು · ಮಂಗಳವಾರ ಮಧ್ಯಾಹ್ನ 12:02

ನೀಲಿಕೊಡೆ ಅವರೇ, ಓದಿ ಕಣ್ಣು ತುಂಬಿತು. ಇದಕ್ಕೇ ನಾನು ಬೇಡ ಅನ್ನುವುದು. ಚೀಲ ತಾನಾಗಿ ಒಡೆಯಲಿ. ನೀರು ಒಡೆಸಿದರೆ ಹೆರಿಗೆ ಬೇಗ ಆಗುವುದಿಲ್ಲ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ಕಾಕ್ರೇನ್ ಪರಿಶೀಲನೆಯೇ ಹೇಳಿದೆ. ಎಲ್ಲರಿಗೂ ಮಾಮೂಲಿಯಾಗಿ ಮಾಡಬೇಡಿ ಎಂದೂ ಹೇಳಿದೆ. ಮುಸ್ಸಂಜೆ, ಇನ್ನೊಂದು ವಾರ ಕಾದು ನೋಡಿ.

ರಾತ್ರಿಪಾಳಿ · ಮಂಗಳವಾರ ಮಧ್ಯಾಹ್ನ 3:30

ಗುಬ್ಬಿಗೂಡು, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಇಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಹೋಗಿವೆ. ಆ ಪರಿಶೀಲನೆ ನೋಡಿದ್ದು ನೋವು ತಾನಾಗಿ ಶುರುವಾದ ಹೆಂಗಸರನ್ನು. ಚೆನ್ನಾಗಿ ನಡೆಯುತ್ತಿರುವ ಹೆರಿಗೆಯನ್ನು ಬೇಗ ಮುಗಿಸಲೆಂದು ಸುಮ್ನೆ ನೀರು ಒಡೆಸಬೇಡಿ ಎನ್ನುವುದು ಅದರ ಮಾತು. ನನಗೂ ಅದು ನೂರಕ್ಕೆ ನೂರು ಒಪ್ಪಿಗೆ. ನಾನು ಕೆಲಸಕ್ಕೆ ಸೇರಿದಾಗ ಎಲ್ಲರಿಗೂ ಒಡೆಸುತ್ತಿದ್ದರು. ಆಮೇಲೆ ಕಡಿಮೆಯಾಯಿತು, ಒಳ್ಳೆಯದೇ ಆಯಿತು.

ಮುಸ್ಸಂಜೆಯದು ಬೇರೆ. ಅವರಿಗೆ ನೋವೇ ಬಂದಿಲ್ಲ, ದಿನ ಮೀರುತ್ತಿದೆ. ಗುರುವಾರಕ್ಕೆ 41 ವಾರ 1 ದಿನ ಆಗುತ್ತದೆ. ದಿನಗಳ ಲೆಕ್ಕ ಖಚಿತವಿದ್ದರೆ 41 ವಾರ ತುಂಬಿದವರಿಗೆ ನೋವು ಬರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅದಕ್ಕೆ ಕಾರಣ ಇದೆ. 41 ದಾಟಿ 42ರ ಕಡೆಗೆ ಹೋದಷ್ಟೂ ಮಗು ಹೊಟ್ಟೆಯಲ್ಲೇ ತೀರಿಹೋಗುವ ಅಪಾಯ ಏರುತ್ತದೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ ನಿಜ. ಆದರೆ ಹಾಗೆ ಆದ ತಾಯಂದಿರ ಪಕ್ಕದಲ್ಲಿ ನಾನು ಕೂತಿದ್ದೇನೆ. ಇನ್ನೊಂದು ವಾರ ಕಾಯಿರಿ ಎಂದು ಯಾರಿಗೂ ಸಲೀಸಾಗಿ ಹೇಳಲು ನನ್ನಿಂದ ಆಗದು. ಕಾಯುವುದೇ ಆದರೆ ಮಗುವಿನ ಎದೆಬಡಿತ, ನೀರಿನ ಪ್ರಮಾಣ ನೋಡಿಸುತ್ತಾ ಕಾಯಬೇಕು. ಮಗುವಿನ ಒದೆತ ಕಡಿಮೆ ಅನ್ನಿಸಿದರೆ ಆ ಕ್ಷಣವೇ ಹೋಗಬೇಕು.

ನೀಲಿಕೊಡೆ ತಂಗಿ, ಒಪ್ಪಿಗೆ ಕೇಳದೆ ಮಾಡಿದ್ದು ತಪ್ಪು. ಅದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ. ನಿಮ್ಮ ಬಾಯಿ ಹದಕ್ಕೆ ಬಂದಿರಲಿಲ್ಲ, ಮೊದಲು ಹದ ಮಾಡಬೇಕಿತ್ತು. ನೀರು ಹೋದ ಮೇಲೆ ಕೈ ಹಾಕಿ ನೋಡುವುದನ್ನು ಆದಷ್ಟು ಕಡಿಮೆ ಮಾಡಬೇಕು. ಹೊತ್ತು ಹೋದಷ್ಟೂ, ಕೈ ಹಾಕಿದಷ್ಟೂ ಸೋಂಕಿಗೆ ದಾರಿ.

ಗುಬ್ಬಿಗೂಡು · ಮಂಗಳವಾರ ಸಂಜೆ 5:10

ಅಕ್ಕ, ಆ ವ್ಯತ್ಯಾಸ ನನಗೆ ಗೊತ್ತಿರಲಿಲ್ಲ. ನೋವು ಶುರುವಾಗದವರಿಗೂ ಇದೇ ಲೆಕ್ಕ ಎಂದುಕೊಂಡಿದ್ದೆ. ಮುಸ್ಸಂಜೆ, ಒಂದು ವಾರ ಕಾಯಿರಿ ಎಂದ ಮಾತನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಒಪ್ಪಿಗೆಯ ಮಾತನ್ನು ಮಾತ್ರ ಬಿಡುವುದಿಲ್ಲ. ಬೇಡ ಅನ್ನುವ, ಸ್ವಲ್ಪ ಹೊತ್ತು ತಡೆಯಿರಿ ಅನ್ನುವ ಹಕ್ಕು ನಿಮಗೆ ಇದೆ.

ಮಳೆಹನಿ · ಮಂಗಳವಾರ ಸಂಜೆ 6:45

ನಡುವೆ ಬಂದೆ, ಕ್ಷಮಿಸಿ. ನನಗೆ 39 ವಾರ. ನಿನ್ನೆ "ಸ್ವೀಪ್ ಮಾಡಿದ್ದೇನೆ" ಎಂದರು. ಇದೂ ಅದೂ ಒಂದೇನಾ? ನೀರೇನೂ ಬಂದಿಲ್ಲ, ಸ್ವಲ್ಪ ರಕ್ತ ಸೇರಿದ ಲೋಳೆ ಬಂತು.

ರಾತ್ರಿಪಾಳಿ · ಮಂಗಳವಾರ ಸಂಜೆ 7:00

ಬೇರೆ ಬೇರೆ. ಸ್ವೀಪ್ ಅಂದರೆ ಬೆರಳನ್ನು ಸುತ್ತಲೂ ಆಡಿಸಿ, ಚೀಲವನ್ನು ಗರ್ಭಕೋಶದ ಬಾಯಿಯಿಂದ ಬಿಡಿಸುವುದು. ಚೀಲ ಒಡೆಯುವುದಿಲ್ಲ. ಮನೆಗೆ ಕಳಿಸುತ್ತಾರೆ. ಸ್ವಲ್ಪ ರಕ್ತ ಸೇರಿದ ಲೋಳೆ ಬರುವುದು ಮಾಮೂಲು. ಮುಟ್ಟಿನಂತೆ ಕೆಂಪಗೆ ಹರಿದರೆ, ಅಥವಾ ನೀರು ಹೋದರೆ ಕಾಯಬೇಡಿ, ಹೊರಡಿ.

ಅಪ್ಪನಾಗುವವನು · ಮಂಗಳವಾರ ರಾತ್ರಿ 8:25

ನನ್ನ ಹೆಂಡತಿಗೂ ಮುಂದಿನ ವಾರ ಇದೇ. ಪಕ್ಕದಲ್ಲಿ ನಿಂತು ನಾನೇನು ಮಾಡಬೇಕು? ಸುಮ್ನೆ ನಿಂತಿರಲು ಮನಸ್ಸು ಒಪ್ಪುತ್ತಿಲ್ಲ.

ಬೆಳ್ಳಿಚುಕ್ಕಿ · ಮಂಗಳವಾರ ರಾತ್ರಿ 8:50

ಅಣ್ಣ, ನೀರು ಒಡೆಸಿದ ಗಂಟೆಯನ್ನು ಬರೆದಿಟ್ಟುಕೊಳ್ಳಿ. ಪಾಳಿ ಬದಲಾದಾಗ ಹೊಸಬರು ಕೇಳುತ್ತಾರೆ, ಆಗ ನನಗೆ ಹೇಳಲು ಬಾಯಿಯೇ ಬರುತ್ತಿರಲಿಲ್ಲ. ನನ್ನ ಗಂಡ ಹೇಳಿದರು. ಬಣ್ಣವನ್ನೂ ನೋಡಿ. ನೀರಿನಂತೆ ಅಥವಾ ತೆಳು ಹಳದಿ ಇದ್ದರೆ ಸರಿ. ಹಸಿರೋ ಕಂದೋ ಕಂಡರೆ, ಕೆಟ್ಟ ವಾಸನೆ ಬಂದರೆ, ರಕ್ತ ಜಾಸ್ತಿ ಕಂಡರೆ ತಕ್ಷಣ ಕರೆಯಿರಿ. ಪ್ಯಾಡ್ ಎಸೆಯುವ ಮುಂಚೆ ಅವರಿಗೆ ತೋರಿಸಿ. ಹಸಿರಾದರೆ ಮಗು ಒಳಗೇ ಮಲ ಮಾಡಿದೆ ಎಂದು ಅರ್ಥ. ನನ್ನದು ಹಾಗಾಗಿತ್ತು. ಅದಾದ ಮೇಲೆ ಬೆಲ್ಟ್ ಕಟ್ಟಿ ಎದೆಬಡಿತವನ್ನು ಬಿಡದೆ ನೋಡಿದರು. ಹುಟ್ಟುವಾಗ ಮಕ್ಕಳ ಡಾಕ್ಟರ್ ಬಂದು ನಿಂತಿದ್ದರು. ಮಗಳು ಹುಟ್ಟಿದ ತಕ್ಷಣ ಅತ್ತಳು.

ರಾತ್ರಿಪಾಳಿ · ಮಂಗಳವಾರ ರಾತ್ರಿ 9:30

ಇದರ ಜೊತೆ ಇನ್ನೊಂದು. ಚೀಲ ಒಡೆದ ತಕ್ಷಣ ಮಗುವಿನ ಎದೆಬಡಿತ ಕೇಳಲೇಬೇಕು. ಯಾರೂ ಕೇಳದಿದ್ದರೆ ನೀವು ಬಾಯಿ ಬಿಟ್ಟು ಹೇಳಿ, "ಸಿಸ್ಟರ್, ಒಂದು ಸಲ ಎದೆಬಡಿತ ನೋಡಿ." ಡ್ರಿಪ್ ಹಾಕಿದ ಮೇಲೆ ನೋವು ಎಷ್ಟು ಸಲ ಬರುತ್ತಿದೆ ಎಂದು ಎಣಿಸಿ. ಹತ್ತು ನಿಮಿಷಕ್ಕೆ ಮೂರು ನಾಲ್ಕು ಸಾಕು. ಐದು ದಾಟಿದರೆ ನಡುವೆ ಮಗುವಿಗೆ ಉಸಿರಾಡಲು ಬಿಡುವಿಲ್ಲದಂತೆ ಆಗುತ್ತದೆ. ಆಗ ಡ್ರಿಪ್ ಕಡಿಮೆ ಮಾಡಬೇಕು, ಇಲ್ಲವೇ ನಿಲ್ಲಿಸಬೇಕು. ಡ್ರಿಪ್ಪಿಗೆ ಆ ಅನುಕೂಲ ಇದೆ, ನಿಲ್ಲಿಸಬಹುದು. ಒಡೆದ ಚೀಲವನ್ನು ಹೊಲಿಯಲು ಆಗುವುದಿಲ್ಲ.

ಹಳೆಯ ಸೇತುವೆ · ಬುಧವಾರ ಬೆಳಿಗ್ಗೆ 10:15

ಬಳ್ಳಿ ಜಾರುವ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನನಗೆ ಆಗಿದ್ದು ಅದೇ. ನೀರು ಜಾಸ್ತಿ ಇತ್ತು, ಮಗುವಿನ ತಲೆ ಮೇಲೇ ಇತ್ತು. ನೀರು ಒಡೆದ ಕ್ಷಣಕ್ಕೆ ಸಿಸ್ಟರ್ ಮುಖ ಬದಲಾಯಿತು. ಅವರು ಒಳಗಿಟ್ಟ ಕೈಯನ್ನು ತೆಗೆಯಲೇ ಇಲ್ಲ. ಮಗುವಿನ ತಲೆಯನ್ನು ಬಳ್ಳಿಯಿಂದ ಮೇಲಕ್ಕೆ ಎತ್ತಿ ಹಿಡಿದೇ ಇದ್ದರು. ನನ್ನನ್ನು ಮಂಡಿಯೂರಿಸಿ, ಎದೆ ಹಾಸಿಗೆಗೆ ತಾಗುವಂತೆ ಬಗ್ಗಿಸಿದರು. ಆಪರೇಷನ್ ಕೋಣೆಯವರೆಗೂ ಅವರು ಹಾಗೆಯೇ ನನ್ನ ಜೊತೆ ಬಂದರು. ಅವರ ತೋಳು ನಡುಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಕೆಲವೇ ನಿಮಿಷದಲ್ಲಿ ಮಗಳನ್ನು ಹೊರಗೆ ತೆಗೆದರು. ಈಗ ಶಾಲೆಗೆ ಹೋಗುತ್ತಾಳೆ.

ಮುಸ್ಸಂಜೆ, ಇದು ಅಪರೂಪ. ಹೆದರಿಸಲು ಬರೆದದ್ದಲ್ಲ. ಇಂಥದ್ದು ಆದರೂ ಕೈ ಹಿಡಿಯುವವರು ಇರುವ ಜಾಗದಲ್ಲೇ ನೀವು ಇರುತ್ತೀರಿ ಎಂದು ಹೇಳಬೇಕೆನ್ನಿಸಿತು. ನೀರು ಒಡೆಸುವುದನ್ನು ಮನೆಯಲ್ಲಿ ಯಾರೂ ಪ್ರಯತ್ನಿಸಬಾರದು ಎನ್ನುವುದೂ ಇದಕ್ಕೇ.

ಮುಸ್ಸಂಜೆ · ಬುಧವಾರ ಸಂಜೆ 7:40

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಹಳೆಯ ಸೇತುವೆ ಅಕ್ಕ, ಆ ಸಿಸ್ಟರ್ ತೋಳು ಕಣ್ಣಿಗೆ ಕಟ್ಟಿದೆ.

ಇವತ್ತು ಹೋಗಿ ಕೇಳಿದೆ. ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರ್ ಬೇಸರ ಮಾಡಿಕೊಳ್ಳಲಿಲ್ಲ, ಕುರ್ಚಿ ಎಳೆದುಕೊಂಡು ಕೂತು ಹೇಳಿದರು. ತೆರೆದದ್ದಕ್ಕೆ 1, ಮೆತ್ತಗಿರುವುದಕ್ಕೆ 2, ತೆಳುವಾದದ್ದಕ್ಕೆ 2, ತಲೆ ಕೆಳಗೆ ಬಂದದ್ದಕ್ಕೆ 2, ಬಾಯಿ ನಡುವಿನಲ್ಲಿರುವುದಕ್ಕೆ 1. ಒಟ್ಟು ಎಂಟು! ತಲೆ ಕೂತಿದೆ. ಮಾಸು ಮೇಲಿದೆ, ಅಡ್ಡ ಇಲ್ಲ. ಒಡೆಸಿದ ಮೇಲೆ ಎರಡು ಗಂಟೆ ಓಡಾಡಲು ಬಿಡುತ್ತಾರಂತೆ. ಆಗಲೂ ನೋವು ಹಿಡಿಯದಿದ್ದರೆ ಡ್ರಿಪ್. ಕೈ ಹಾಕಿ ನೋಡುವುದು ಅಗತ್ಯವಿದ್ದಾಗ ಮಾತ್ರ, ಹೇಳಿಯೇ ಮಾಡುತ್ತೇವೆ ಎಂದರು. ನಾನು ಒಪ್ಪಿದೆ. ಈ ಸಲದ ಹೂಂ ಗೊತ್ತಿದ್ದು ಅಂದ ಹೂಂ.

ನೀಲಿಕೊಡೆ · ಬುಧವಾರ ರಾತ್ರಿ 8:05

ನಿಮ್ಮ ಡಾಕ್ಟರ್ ಕುರ್ಚಿ ಎಳೆದುಕೊಂಡು ಕೂತರು ಎಂದು ಓದಿ ತುಂಬಾ ಸಮಾಧಾನವಾಯಿತು. ನಾಳೆ ನಿಮ್ಮನ್ನೇ ನೆನೆಯುತ್ತಿರುತ್ತೇನೆ.

ಮುಸ್ಸಂಜೆ · ಶನಿವಾರ ಮಧ್ಯಾಹ್ನ 2:20

ಮಗ ಹುಟ್ಟಿದ. 3.4 ಕೆಜಿ. ಇಬ್ಬರೂ ಚೆನ್ನಾಗಿದ್ದೇವೆ.

ಗುರುವಾರ ಬೆಳಿಗ್ಗೆ 9:05ಕ್ಕೆ ಒಡೆಸಿದರು. ಗಂಡ ಗಡಿಯಾರ ನೋಡಿ ಕೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರು. ಬೆಳ್ಳಿಚುಕ್ಕಿ ಹೇಳಿದ ಹಾಗೆಯೇ, ಒಡೆದದ್ದು ಗೊತ್ತಾಗಲಿಲ್ಲ, ಬೆಚ್ಚಗೆ ಹರಿಯಿತು. ನೀರು ತಿಳಿಯಾಗಿತ್ತು. ನಾನು ಕೇಳುವ ಮುಂಚೆಯೇ ಸಿಸ್ಟರ್ ಎದೆಬಡಿತ ಕೇಳಿಸಿದರು. ಎರಡು ಗಂಟೆ ವರಾಂಡದಲ್ಲಿ ನಡೆದೆ. ಸೊಂಟ ಹಿಡಿದಂತೆ ಆಗುತ್ತಿತ್ತು, ಬಿಡುತ್ತಿತ್ತು. ಹನ್ನೊಂದೂವರೆಗೆ ಡ್ರಿಪ್ ಹಾಕಿದರು. ಅಲ್ಲಿಂದ ಜೋರು. ಮೊದಲ ಹೆರಿಗೆಗಿಂತ ಈ ನೋವು ಗಟ್ಟಿ, ನಡುವಿನ ಬಿಡುವು ಕಡಿಮೆ. ಒಂದು ಸಲ ಆಗುವುದಿಲ್ಲ ಎಂದು ಕಣ್ಣೀರು ಹಾಕಿದೆ. ಹತ್ತು ನಿಮಿಷಕ್ಕೆ ಐದು ಸಲ ಬರಲು ಶುರುವಾದಾಗ ಗಂಡ ಹೇಳಿದರು, ಸಿಸ್ಟರ್ ಬಂದು ನೋಡಿ ಡ್ರಿಪ್ ಕಡಿಮೆ ಮಾಡಿದರು. 3:48ಕ್ಕೆ ಮಗ ಬಂದ.

ರಾತ್ರಿಪಾಳಿ ಅಕ್ಕ, ಒಂದು ಕೇಳಬೇಕಿತ್ತು. ಅವನ ನೆತ್ತಿಯ ಹತ್ತಿರ ಸಣ್ಣ ಗೀರು ಇದೆ, ಉಗುರು ತಾಗಿದಂತೆ. ಕೊಕ್ಕೆಯದ್ದೇ ಇರಬೇಕು ಎಂದರು. ಎಣ್ಣೆ ಹಚ್ಚಲಾ?

ರಾತ್ರಿಪಾಳಿ · ಶನಿವಾರ ಮಧ್ಯಾಹ್ನ 3:05

ನನ್ನ ಬಂಗಾರ, ಸಂತೋಷವಾಯಿತು! ಅಪರೂಪಕ್ಕೆ ಹಾಗೆ ತಾಗುತ್ತದೆ, ಚರ್ಮದ ಮೇಲಷ್ಟೇ. ಎಣ್ಣೆ, ಪುಡಿ ಏನೂ ಬೇಡ. ಒಣಗಿ ಶುಚಿಯಾಗಿರಲಿ, ಕೆಲವೇ ದಿನದಲ್ಲಿ ಮಾಯುತ್ತದೆ. ಸುತ್ತ ಕೆಂಪಾಗಿ ಊದಿಕೊಂಡರೆ, ಕೀವು ಕಂಡರೆ, ಮಗು ಹಾಲು ಕುಡಿಯುವುದನ್ನು ಬಿಟ್ಟರೆ ಅವತ್ತೇ ತೋರಿಸಿ. ನಿಮಗೂ ಜ್ವರ ಬರುತ್ತಿದೆಯಾ ಎಂದು ನೋಡಿಕೊಳ್ಳುತ್ತಿರಿ, ಕೆಟ್ಟ ವಾಸನೆಯ ಸ್ರಾವ ಬಂದರೂ ಹೇಳಿ. ಅತ್ತೆ ಏನಂದರು?

ಮುಸ್ಸಂಜೆ · ಶನಿವಾರ ಸಂಜೆ 4:30

ಸರಿ ಅಕ್ಕ, ಎಣ್ಣೆ ಬಾಟಲಿ ಎತ್ತಿಟ್ಟೆ. ಅತ್ತೆ ಮಗುವನ್ನು ಕೆಳಗಿಡುತ್ತಲೇ ಇಲ್ಲ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಹುಡುಗಿಗೆ ನಾಳೆ ನೀರು ಒಡೆಸುತ್ತಾರಂತೆ, ಅಳುತ್ತಿದ್ದಳು. ಅತ್ತೆ ಮಗುವನ್ನು ಎತ್ತಿಕೊಂಡೇ ಹೋಗಿ ಅವಳ ಪಕ್ಕ ಕೂತಿದ್ದಾರೆ. "ಒಣಗಲ್ಲ ಕಣಮ್ಮ, ಮಗು ಕುಡಿದು ಕುಡಿದು ಬಿಡ್ತಾನೇ ಇರುತ್ತೆ" ಎಂದು ಹೇಳುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ.